ಹಗುರ ಗೋಡೆಯ ಗಟ್ಟಿ ಫಜೀತಿಗಳು

ಗೋಡೆ ಕಟ್ಟುವ ಕೆಲಸದಲ್ಲಿ ನಗುವಂಥದ್ದೇನು ಇರುತ್ತೆ ಎಂದು ನನ್ನ ಗೆಳತಿಯರು ಕೇಳುತ್ತಾರೆ. ಗೋಡೆ ಸುಮ್ಮನೆ ನಿಂತಿರುತ್ತದೆ, ನಿಜ. ಅದರ ಮುಂದೆ ನಿಂತ ಜನ ಸುಮ್ಮನಿರಬೇಕಲ್ಲ! ಹಾಗಾಗಿ ವಾರಕ್ಕೊಂದು ಪ್ರಸಂಗ ನಾನು ಹುಡುಕದಿದ್ದರೂ ನನ್ನನ್ನು ಹುಡುಕಿಕೊಂಡು ಬರುತ್ತದೆ.

ನಾನು ಸಿವಿಲ್ ಇಂಜಿನಿಯರ್. ಒಡವೆ, ದಾಖಲೆ, ನಗದು ಇಡುವ ಸ್ಟ್ರಾಂಗ್ ರೂಮುಗಳಿಗೆ ಹಗುರವಾದ ಗೋಡೆ ಮಾಡಿಕೊಡುವುದು ನನ್ನ ಕಸುಬು. ಹಗುರ ಯಾಕೆಂದರೆ, ಮೈಸೂರಿನ ಹಳೇ ಕಟ್ಟಡಗಳ ಮಹಡಿ ಮೇಲೆ ಒಂದಡಿ ದಪ್ಪದ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ಕಳ್ಳ ಮೇಲೆ ಹತ್ತಬೇಕಾಗಿಲ್ಲ, ಗೋಡೆಯೇ ಕೆಳಗಿನ ಅಂಗಡಿಗೆ ಇಳಿದು ಬರುತ್ತದೆ. ಅದಕ್ಕೆ ನನ್ನ ಗೋಡೆಯಲ್ಲಿ ಎರಡು ತೆಳು ಹಲಗೆಗಳ ನಡುವೆ ಮೂರು ಪದರ ಉಕ್ಕಿನ ಜಾಲರಿ, ಜಾಲರಿಗಳ ನಡುವೆ ಒಂದು ಬಗೆಯ ಬಿಗಿ ಫೋಮು. ಹಾರೆ ಹಾಕಿದರೆ ಒಂದು ಪದರ ಹರಿಯುವಷ್ಟರಲ್ಲಿ ಇನ್ನೊಂದು ಪದರ ಹಾರೆಯನ್ನೇ ಕಚ್ಚಿಕೊಳ್ಳುತ್ತದೆ.

ನನ್ನ ಜೊತೆ ಇರುವವರು ಒಬ್ಬ ಮೇಸ್ತ್ರಿ. ನರಸೀಪುರದ ಕಡೆಯ ಒಕ್ಕಲು ಮನೆತನದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕಲ್ಲು, ಇಟ್ಟಿಗೆ, ಗಾರೆಯಲ್ಲೇ ಆಯಸ್ಸು ಕಳೆದವರಿಗೆ ಇಬ್ಬರು ಎತ್ತಿಕೊಂಡು ಹೋಗುವ ಗೋಡೆಯನ್ನು ಗೋಡೆ ಎಂದು ಕರೆಯಲು ನಾಲಿಗೆಯೇ ಹೊರಳುತ್ತಿರಲಿಲ್ಲ. ಬಿದಿರಿನ ತಡಿಕೆಯೇನೋ ಎಂಬಂತೆ ‘ಈ ತಟ್ಟಿ’ ಎನ್ನುತ್ತಿದ್ದರು. ಕೆಲಸ ಮಾತ್ರ ಒಂದು ನೂಲು ಆಚೀಚೆ ಆಗದಂತೆ ಮಾಡುತ್ತಿದ್ದರು.

ಕೆಸರೆಯಲ್ಲಿ ನಮ್ಮದೊಂದು ಶೆಡ್ಡು. ಎರಡು ವರ್ಷ ಕಳೆದರೂ ಬಿಡಿಬಿಡಿ ಕೆಲಸವೇ ಹೊರತು ದೊಡ್ಡದೊಂದು ಆರ್ಡರ್ ಇರಲಿಲ್ಲ. ಕೊನೆಗೆ ಒಂದು ಸಹಕಾರ ಸಂಘದವರು ತಮ್ಮ ಆರು ಶಾಖೆಗಳಿಗೂ ಹಾಕಿಸುವ ಯೋಚನೆ ಇದೆ, ಆದರೆ ಪರೀಕ್ಷೆ ಮಾಡಿ ನೋಡುತ್ತೇವೆ ಎಂದರು. ಅದು ಸಿಕ್ಕರೆ ಶೆಡ್ಡು ಉಳಿಯುತ್ತದೆ. ಸಿಗದಿದ್ದರೆ ಬೀಗ ಹಾಕಿ ಮೇಸ್ತ್ರಿ ಯಾರೋ ಕಂಟ್ರಾಕ್ಟರ ಕೈಕೆಳಗೆ ಹೋಗಬೇಕು, ನಾನು ಮತ್ತೆ ಮನೆಗಳ ನಕ್ಷೆ ಹಿಡಿದು, ಅಡುಗೆಮನೆ ಬಾಗಿಲು ಯಾವ ಕಡೆ ಎಂದು ಅತ್ತೆ ಸೊಸೆಯರ ನಡುವೆ ಪಂಚಾಯಿತಿ ಮಾಡಬೇಕು. ಆ ಪರೀಕ್ಷೆಯ ತನಕ ನಡೆದದ್ದರಲ್ಲಿ ಕೆಲವು ಇಲ್ಲಿವೆ.

೧. ಬಡಿದು ನೋಡುವವರು

ಲಷ್ಕರ್ ಮೊಹಲ್ಲಾದಲ್ಲಿ ಒಬ್ಬ ಚಿನ್ನದ ವ್ಯಾಪಾರಿ. ಕೆಳಗೆ ಅಂಗಡಿ, ಮಹಡಿ ಮೇಲೆ ಸ್ಟ್ರಾಂಗ್ ರೂಮು. ಗೋಡೆ ನಿಲ್ಲಿಸಿ, ಬಣ್ಣ ಹೊಡೆಸಿ, ಬನ್ನಿ ನೋಡಿ ಎಂದೆ. ಬಂದವರು ನೋಡಲಿಲ್ಲ. ಬೆರಳು ಮಡಚಿ ಬಡಿದರು. ತೆಂಗಿನಕಾಯಿ ಆರಿಸುವವರ ಹಾಗೆ ಕಿವಿ ಹತ್ತಿರ ತಂದು ಇನ್ನೊಂದು ಕಡೆ ಬಡಿದರು.

“ಏನ್ ಮೇಡಂ ಇದು, ಡಬ ಡಬ ಅಂತದಲ್ಲ!”

“ಸಾರ್, ಒಳಗೆ ಜಾಲರಿ ಇದೆ. ಶಬ್ದಕ್ಕೂ ಗಟ್ಟಿತನಕ್ಕೂ ಸಂಬಂಧ ಇಲ್ಲ.”

“ನಮ್ ಕಸುಬಲ್ಲಿ ಇದೆ ಕಣ್ರೀ. ಬೆಳ್ಳಿ ರೂಪಾಯಿ ಕಲ್ಲಿನ ಮೇಲೆ ಬಿಟ್ಟು ಸದ್ದು ಕೇಳೇ ನಮ್ಮಪ್ಪ ಅಸಲಿ ನಕಲಿ ಹೇಳ್ತಿದ್ರು.”

ಮೇಸ್ತ್ರಿ ಪಕ್ಕದಲ್ಲೇ ಇದ್ದರು. ನನ್ನ ಪರವಾಗಿ ಒಂದು ಮಾತಾಡುತ್ತಾರೇನೋ ಎಂದು ನೋಡಿದೆ. ಅವರು ವ್ಯಾಪಾರಿಯ ಕಡೆ ತಲೆಯಾಡಿಸುತ್ತಾ ನಿಂತಿದ್ದರು.

ಒಂದು ಹಾರೆ ತರಿಸಿ, ನೀವೇ ಹೊಡೆದು ನೋಡಿ ಎಂದು ಕೈಗೆ ಕೊಟ್ಟೆ. ಪಾಪ, ಪಂಚೆ ಎತ್ತಿ ಕಟ್ಟಿ ನಾಲ್ಕೇಟು ಹಾಕಿದರು. ಐದನೆಯದಕ್ಕೆ ಹಾರೆಯನ್ನು ನನ್ನ ಕೈಗೇ ಕೊಟ್ಟು ಭುಜ ಉಜ್ಜಿಕೊಂಡರು. ಗೋಡೆಯ ಮೇಲೆ ಬಣ್ಣ ಹೋಗಿತ್ತು, ಅಷ್ಟೆ. ಗಟ್ಟಿ ಇದೆ ಎಂದು ಒಪ್ಪಿದರು. ಆದರೆ ಅಲ್ಲಿಂದ ಹೊಸ ಚಿಂತೆ ಶುರುವಾಯಿತು.

“ಗಟ್ಟಿ ಅಂತ ನನಗೆ ಗೊತ್ತಾಯ್ತು. ಕಳ್ಳನಿಗೆ ಹೆಂಗೆ ಗೊತ್ತಾಗಬೇಕು? ಅವನೂ ಬಡಿದು ನೋಡ್ತಾನೆ. ಟೊಳ್ಳು ಅಂದ್ಕೊಂಡು ಕೆಲಸ ಶುರು ಮಾಡ್ಬುಟ್ರೆ?”

“ಮಾಡಲಿ ಬಿಡಿ ಸಾರ್. ಸಿಕ್ಕಿ ಬೀಳ್ತಾನೆ.”

ಅವರಿಗೆ ಸಮಾಧಾನವಾಗಲಿಲ್ಲ. ಹದಿನೈದು ದಿನ ಬಿಟ್ಟು ಹೋದಾಗ ಮೆಟ್ಟಿಲ ಬಾಯಲ್ಲೇ ಒಂದು ಬೋರ್ಡು ನೇತಾಡುತ್ತಿತ್ತು. ಹಳದಿ ಹಿನ್ನೆಲೆ, ಕೆಂಪು ಅಕ್ಷರ: “ಮೇಲೆ ಸ್ಟ್ರಾಂಗ್ ರೂಂ ಇದೆ. ಗೋಡೆ ತುಂಬಾ ಗಟ್ಟಿ. ಯಾರೂ ಬಡಿದು ನೋಡಬಾರದು.”

ಅಲ್ಲಿಯವರೆಗೆ ಆ ಬೀದಿಯಲ್ಲಿ ಒಬ್ಬರಿಗೂ ಸ್ಟ್ರಾಂಗ್ ರೂಮ್ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಈಗ ಬಳೆ ಕೊಳ್ಳಲು ಬಂದವರೂ ಮಹಡಿ ಹತ್ತಿ ಒಂದು ಸಲ ಬಡಿದು ನೋಡಿಯೇ ಹೋಗುತ್ತಾರೆ.

೨. ಒಂದೇ ಒಂದು ಮೊಳೆ

ಅದೇ ವ್ಯಾಪಾರಿಯ ಹೆಂಡತಿ ಒಂದು ಶುಕ್ರವಾರ ಬೆಳಿಗ್ಗೆ ಫೋನು ಮಾಡಿದರು. ದನಿಯಲ್ಲಿ ಅಳುವೊಂದೇ ಬಾಕಿ. ರೂಮಿನೊಳಗೆ ಲಕ್ಷ್ಮಿ ಫೋಟೋ ಹಾಕಬೇಕು, ಮೊಳೆ ಇಳಿಯುತ್ತಿಲ್ಲ.

ಹೋಗಿ ನೋಡಿದರೆ ನೆಲದ ಮೇಲೆ ಡೊಂಕಾದ ಮೊಳೆಗಳ ರಾಶಿ. ಪಕ್ಕದ ಎಲೆಕ್ಟ್ರಿಷಿಯನ್ ಡ್ರಿಲ್ಲು ತಂದು ಅದರ ಎರಡು ಮೊನೆ ಮುರಿದುಕೊಂಡು, ಇದರ ಸಹವಾಸ ಬೇಡ ಎಂದು ಹೋಗಿದ್ದನಂತೆ. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಲಕ್ಷ್ಮಿ ಒಂದು ಸ್ಟೂಲಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದಳು.

“ನೀವೇ ಹೇಳಿ ಮೇಡಂ, ಕಳ್ಳರು ಬರಬಾರದು ಅಂತ ಗೋಡೆ ಕೇಳಿದ್ವಿ. ಲಕ್ಷ್ಮಿನೂ ಬರಬಾರದು ಅಂದ್ರೆ ಹೆಂಗೆ?”

ಅವರು ಹೇಳುವುದೂ ಸರಿಯೇ. ಎಲ್ಲ ಲೆಕ್ಕ ಹಾಕಿದ್ದ ನಾನು, ನಮ್ಮ ಜನ ಗೋಡೆ ಕಂಡರೆ ಮೊದಲು ಹೊಡೆಯುವುದು ಮೊಳೆಯನ್ನು ಎಂಬುದನ್ನೇ ಮರೆತಿದ್ದೆ. ಮೆಲ್ಲಗೆ, ಒಳ್ಳೆಯ ಅಂಟು ಟೇಪು ಬರುತ್ತದೆ, ಹತ್ತು ಕೆಜಿ ತಡೆಯುತ್ತದೆ ಎಂದೆ.

ಅವರ ಮುಖ ಕೆಂಪಾಯಿತು. “ದೇವ್ರನ್ನ ಗೋಂದಿಟ್ಟು ಅಂಟಿಸೋದಾ? ನೋಡಿದವರು ಏನಂತಾರೆ? ಅವಳು ಮುನಿಸ್ಕೊಂಡ್ರೆ?”

ಬಾಗಿಲ ಬಳಿ ನಿಂತಿದ್ದ ವ್ಯಾಪಾರಿ ಒಳಗೆ ಬಂದರು. “ಅಂಟಿಸೋದೇ ಒಳ್ಳೇದು ಕಣೇ. ಲಕ್ಷ್ಮಿ ಚಂಚಲೆ, ಒಂದು ಕಡೆ ನಿಲ್ಲಲ್ಲ ಅಂತ ನೀನೇ ಹೇಳ್ತಿರ್ತೀಯ. ಮೊಳೆಗೆ ಹಾಕಿದ್ರೆ ಎದ್ದೋದಾಳು. ಮೇಡಂ, ನಾಲ್ಕೂ ಮೂಲೆಗೂ ಗಟ್ಟಿಯಾಗಿ ಅಂಟಿಸ್ಬುಡಿ!”

೩. ಪಾಸ್‌ಪೋರ್ಟ್ ಕೋಣೆ

ಗೋಕುಲಂನಲ್ಲಿ ಯೋಗ ಕಲಿಯಲು ಬಂದ ವಿದೇಶಿಯರಿಗೆ ಮನೆ ಬಾಡಿಗೆ ಕೊಡುವ ಒಬ್ಬ ಮನೆಯೊಡತಿ. ಬಾಡಿಗೆಗೆ ಇರುವವರೆಲ್ಲ ಬೆಳಗಾಗೆದ್ದು ಯೋಗಕ್ಕೆ ಹೋಗುವಾಗ ಪಾಸ್‌ಪೋರ್ಟು, ಲ್ಯಾಪ್‌ಟಾಪು ಎಲ್ಲವನ್ನೂ ಇವರ ಕೈಗೆ ಕೊಟ್ಟು ಹೋಗುತ್ತಿದ್ದರು. ಇವರಿಗೆ ಅದನ್ನು ಕಾಯುವ ಭಯಕ್ಕೆ ಹಾಲು ತರಲು ಹೊರಗೆ ಹೋಗುವುದೂ ಕಷ್ಟವಾಗಿತ್ತು. ಮೊದಲ ಮಹಡಿಯ ಒಂದು ಮೂಲೆಯಲ್ಲಿ ಪುಟ್ಟ ಕೋಣೆ ಮಾಡಿಕೊಟ್ಟೆ. ಆಕೆಗೆ ಎಷ್ಟು ಖುಷಿಯೆಂದರೆ ನನಗೆ ಹೋಳಿಗೆ ಮಾಡಿ ಹಾಕಿದರು.

ತಿಂಗಳು ಬಿಟ್ಟು, ಬಾಗಿಲ ಕೀಲಿಗೆ ಎಣ್ಣೆ ಹಾಕುವುದಕ್ಕೆ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಬಾಗಿಲು ತೆಗೆದರೆ ಒಳಗೆ ಒಬ್ಬ ಆರಡಿ ಎತ್ತರದ ಬಿಳಿ ಮನುಷ್ಯ ಪದ್ಮಾಸನ ಹಾಕಿ ಕಣ್ಣು ಮುಚ್ಚಿ ಕೂತಿದ್ದಾನೆ! ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಹಾರಿದರು. ಮೆಟ್ಟಿಲ ಮೇಲೆ ಇನ್ನಿಬ್ಬರು ಚಾಪೆ ಸುತ್ತಿಕೊಂಡು ಸರದಿಗೆ ಕಾಯುತ್ತಿದ್ದರು.

ಮನೆಯೊಡತಿ ಪಿಸುಗುಟ್ಟಿದರು. “ನಿಮ್ ಗೋಡೆಯಲ್ಲಿ ಏನೋ ಫೋಮು ಐತಲ್ಲ, ಹೊರಗಿನ ಒಂದು ಸದ್ದೂ ಒಳಗೆ ಬರಲ್ವಂತೆ ಕಣ್ರೀ. ಇಡೀ ಮೈಸೂರಲ್ಲಿ ಇಂಥ ಶಾಂತಿ ಎಲ್ಲೂ ಇಲ್ಲ ಅಂತಾರೆ. ಅರ್ಧ ಗಂಟೆಗೆ ಇಷ್ಟು ಅಂತ ಅವರೇ ಕೊಡ್ತಾರೆ, ನಾನು ಕೇಳಲಿಲ್ಲ.”

“ಮತ್ತೆ ಪಾಸ್‌ಪೋರ್ಟ್‌ಗಳು?”

“ಅಕ್ಕಿ ಡಬ್ಬದಲ್ಲಿ ಇಟ್ಟಿದೀನಿ. ಪದೇ ಪದೇ ಬಾಗಿಲು ತೆಗೆದು ಹಾಕಿದ್ರೆ ಅವರ ಧ್ಯಾನಕ್ಕೆ ತೊಂದ್ರೆ ಅಲ್ವಾ?”

೪. ಪಕ್ಕದ ಮನೆಯವರ ಕನಿಕರ

ನಮ್ಮ ಶೆಡ್ಡಿನ ಕೆಲಸ ಸರಳ. ಬೆಳಿಗ್ಗೆ ಒಂದು ಗೋಡೆ ನಿಲ್ಲಿಸುತ್ತೇವೆ. ಸಂಜೆ ಅದನ್ನು ಒಡೆಯಲು ನೋಡುತ್ತೇವೆ. ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಬರೆದುಕೊಳ್ಳುತ್ತೇವೆ. ಮಾರನೇ ದಿನ ಮತ್ತೆ ಅದೇ.

ಶೆಡ್ಡಿನ ಪಕ್ಕದ ಮನೆಯ ಹೆಂಗಸು ಎರಡು ವರ್ಷದಿಂದ ಇದನ್ನು ನೋಡುತ್ತಿದ್ದರು. ಒಂದು ದಿನ ಒಂದು ಲೋಟ ಮಜ್ಜಿಗೆ ತಂದು ನನ್ನ ಕೈಗಿಟ್ಟು, ಮೇಸ್ತ್ರಿಗೆ ಕೇಳದ ಹಾಗೆ ಹತ್ತಿರ ಬಂದು ಹೇಳಿದರು:

“ಬೇಜಾರ್ ಮಾಡ್ಕೋಬೇಡ ಕಣಮ್ಮ. ದಿನಾ ಕಟ್ತೀರ, ದಿನಾ ಒಡೀತೀರ. ಒಂದ್ ಸಲನೂ ಸರಿಯಾಗ್ ಬರ್ತಾ ಇಲ್ಲ. ಆ ಯಜಮಾನ್ರಿಗೆ ವಯಸ್ಸಾಯ್ತು. ನಮ್ ತಮ್ಮ ಒಬ್ಬ ಒಳ್ಳೆ ಮೇಸ್ತ್ರಿ ಅವ್ನೆ, ನಂಬರ್ ಕೊಡ್ಲಾ?”

೫. ಪರೀಕ್ಷೆ

ಕೊನೆಗೂ ಸಹಕಾರ ಸಂಘದ ಪರೀಕ್ಷೆಯ ದಿನ ಗೊತ್ತಾಯಿತು. ಸಂಘದ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಕೆಂಪು ಪೆನ್ನು. ನಿಯಮಗಳನ್ನು ಅವರೇ ಬರೆದು ಕಳಿಸಿದ್ದರು. ನಮ್ಮ ಶೆಡ್ಡಿನಲ್ಲಿ ಒಂದು ಮಾದರಿ ಕೋಣೆ ನಿಲ್ಲಿಸಬೇಕು. ಒಡವೆಯ ಬದಲು ಒಳಗೆ ಎರಡು ಕೆಜಿ ಬೆಲ್ಲದ ಚೀಲ. ಮಾರುಕಟ್ಟೆಯಿಂದ ಆರು ಜನ ಹಮಾಲರು ಬರುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಗೋಡೆ ಒಡೆದರೆ ನಾವು ಫೇಲು.

ನಾಲ್ಕಡಿಗೆ ಐದಡಿಯ ಕೋಣೆ ನಿಲ್ಲಿಸಿದೆವು. ನಾಲ್ಕು ಗೋಡೆ, ಮೇಲೊಂದು ಮುಚ್ಚಳ, ಒಂದು ಬಾಗಿಲು. ನೆಲ ಶೆಡ್ಡಿನದೇ. ಇನ್ನು ಗೋಡೆಯ ಬುಡವನ್ನು ನೆಲಕ್ಕೆ ಎಂಟು ಬೋಲ್ಟು ಹಾಕಿ ಬಿಗಿಯಬೇಕು. ಮೇಸ್ತ್ರಿ ಡ್ರಿಲ್ಲು ಕೆಳಗಿಟ್ಟುಬಿಟ್ಟರು.

“ಬ್ಯಾಡ ಕಣಮ್ಮ. ಆಷಾಢ ನಡೀತಾ ಐತೆ. ನೆಲ ಕೊರೆದು ಈ ತಟ್ಟಿ ಊರೋದು ಅಂದ್ರೆ ಪಾಯ ಆಕ್ದಂಗೇ. ಆಷಾಢದಲ್ಲಿ ಯಾರಾನಾ ಪಾಯ ಆಕ್ತಾರಾ?”

“ಮೇಸ್ತ್ರಿ, ಇದು ಮಾದರಿ. ನಾಳೆ ಬಿಚ್ತೀವಿ.”

“ಬಿಚ್ಚೋದಾದ್ರೆ ಊರೋದ್ಯಾಕೆ? ಅವ್ರು ಒಡೆಯಕ್ ಬರೋದು ತಟ್ಟೀನ. ಬುಡ ಯಾರ್ ನೋಡ್ತಾರೆ? ಶ್ರಾವಣ ಬರ್ಲಿ, ಎಂಟಲ್ಲ, ಹದಿನಾರು ಬೋಲ್ಟ್ ಆಕ್ತೀನಿ.”

ನನಗೂ ಒಳಗೊಳಗೇ ಸ್ವಲ್ಪ ಅಳುಕು. ಅಷ್ಟು ದೊಡ್ಡ ಆರ್ಡರಿಗೆ ಆಷಾಢದಲ್ಲಿ ಕೈ ಹಾಕಿದ್ದೇ ಹೆಚ್ಚು ಎನಿಸಿತು. ಇಂಜಿನಿಯರಿಂಗ್ ಓದಿದವಳು ಬೋಲ್ಟುಗಳನ್ನು ವಾಪಸ್ ಡಬ್ಬಕ್ಕೇ ಹಾಕಿಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಅಧ್ಯಕ್ಷರು ಬಂದರು. ಕೋಣೆಯ ಸುತ್ತ ಒಂದು ಸುತ್ತು ಹಾಕಿ, ಒಂದು ಪ್ಲಾಸ್ಟಿಕ್ ಕುರ್ಚಿ ಒಳಗೆ ಹಾಕಿಸಿ ಎಂದರು.

“ಯಾಕೆ ಸಾರ್?”

“ಪರೀಕ್ಷೆ ಅಂದ ಮೇಲೆ ಕೊಠಡಿ ಒಳಗೆ ಮೇಲ್ವಿಚಾರಕ ಇರಬೇಕಮ್ಮ. ನೀವು ಹೊರಗೆ ಏನಾದರೂ ಮಾಡಿ, ಗೋಡೆ ಒಳಗಡೆ ಬಿರುಕು ಬಿಡ್ತೋ ಇಲ್ವೋ ನಾನೇ ಕಣ್ಣಾರೆ ನೋಡಬೇಕು.”

ಬೇಡವೆಂದರೂ ಕೇಳಲಿಲ್ಲ. ಮೇಲೆ ಗಾಳಿಯಾಡುವ ಕಿಂಡಿ ಇದೆಯೆಂದು ಖಾತ್ರಿ ಮಾಡಿಕೊಂಡು, ಒಂದು ಬ್ಯಾಟರಿ ದೀಪ ಕೊಟ್ಟು ಕೂರಿಸಿದೆ. ಬೆಲ್ಲದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಕೈಯಲ್ಲಿ ಮೊಬೈಲು. ಸಂಘದ ಕಾರ್ಯದರ್ಶಿ ಆಫೀಸಿನಲ್ಲಿ ವರದಿ ಬರೆಯಲು ಕಾಯುತ್ತಿದ್ದಾರೆ, ಆಗಾಗ ಹೇಳುತ್ತಿರುತ್ತೇನೆ ಎಂದರು. ನಾನು ಬಾಗಿಲು ಹಾಕಿ ಬೀಗ ಜಡಿದೆ. ಸುತ್ತ ಉಕ್ಕಿನ ಜಾಲರಿ ಇರುವ ಕೋಣೆಯಲ್ಲಿ ಮೊಬೈಲಿಗೆ ಸಿಗ್ನಲ್ ಬರುವುದಿಲ್ಲ ಎಂದು ಹೇಳಲು ಮರೆತೆ.

ಹಮಾಲರ ಮುಖಂಡ ಸೊಂಟಕ್ಕೆ ಟವೆಲ್ ಬಿಗಿದುಕೊಂಡು ಬಂದು ಕೇಳಿದ. “ಅಕ್ಕಾ, ಗೋಡೆ ಒಡೀಬೇಕಾ, ಚೀಲ ಈಚೆಗ್ ತರಬೇಕಾ?”

ನನಗೆ ಆ ಹೊತ್ತಿನಲ್ಲಿ ಎಲ್ಲಿಂದ ಬಂತೋ ಜಂಬ. “ಏನ್ ಬೇಕಾದ್ರೂ ಮಾಡ್ಕೊಳಪ್ಪ. ಚೀಲ ಮುಟ್ಟಿದ್ರೆ ಬೆಲ್ಲ ನಿಮ್ದೇ” ಎಂದೆ.

ಶುರುವಾಯಿತು ನೋಡಿ. ಹಾರೆ ಬಿತ್ತು, ಎಗರಿತು. ದೊಡ್ಡ ಸುತ್ತಿಗೆ ಬಿತ್ತು, ಹಲಗೆ ಹರಿದು ಜಾಲರಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಳ್ಳಲು ಇಬ್ಬರು ಗೋಡೆಗೆ ಕಾಲು ಕೊಟ್ಟು ಎಳೆಯಬೇಕಾಯಿತು. ಐದು ನಿಮಿಷ, ಹತ್ತು ನಿಮಿಷ. ಎರಡು ವರ್ಷ ‘ತಟ್ಟಿ’ ಎಂದು ಹೀಗಳೆದಿದ್ದ ಮೇಸ್ತ್ರಿ ನೋಡುನೋಡುತ್ತಾ ಬದಲಾಗಿಬಿಟ್ಟರು. ಮುಷ್ಟಿ ಬಿಗಿಹಿಡಿದು, “ಒಡೀರಲಾ ನೋಡನ! ನಮ್ ಗೋಡೆ ಕಣ್ರಲಾ ಇದು!” ಎಂದು ಕೂಗತೊಡಗಿದರು. ಮೊದಲ ಸಲ ಅವರ ಬಾಯಲ್ಲಿ ಗೋಡೆ ಎನ್ನುವ ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು.

ಹನ್ನೆರಡನೇ ನಿಮಿಷಕ್ಕೆ ಮುಖಂಡ ಸುತ್ತಿಗೆ ಕೆಳಗಿಟ್ಟ. ನೀರು ಕುಡಿದ. ಕೋಣೆಯ ಸುತ್ತ ನಿಧಾನಕ್ಕೆ ನಡೆದ. ಬಗ್ಗಿ ಬುಡ ನೋಡಿದ. ಹಾರೆಯ ತುದಿಯನ್ನು ಗೋಡೆಯ ಅಡಿಗೆ ತೂರಿಸಿ ಒಂದು ಸಲ ಮೀಟಿದ. ಗೋಡೆ ಮೇಲೆದ್ದಿತು.

“ಲೇ, ಬನ್ರಲಾ ಇಲ್ಲಿ! ಇದು ಅಗುರ ಐತೆ!”

ಆ ಮಾತು ಸುಳ್ಳಲ್ಲ. ಹಗುರ ಮಾಡಲು ನಾನು ಎರಡು ವರ್ಷ ನಿದ್ದೆಗೆಟ್ಟಿದ್ದೆ. ದಿನಕ್ಕೆ ನೂರಾರು ಅಕ್ಕಿ ಮೂಟೆ ಹೊರುವ ಆರು ಜನ ಅಡಿಗೆ ಕೈ ಕೊಟ್ಟರು. “ಐಸಾ!” ಎಂದರು. ಕೋಳಿ ಮೇಲೆ ಮುಚ್ಚಿದ ಮಂಕರಿ ಎತ್ತುವ ಹಾಗೆ ಇಡೀ ಕೋಣೆಯನ್ನು ಒಂದು ಕಡೆಯಿಂದ ಎತ್ತಿ, ವಾಲಿಸಿ, ಅಧ್ಯಕ್ಷರ ತಲೆಗೆ ತಾಗದಂತೆ ಜೋಪಾನವಾಗಿ ದಾಟಿಸಿ ಹೆಗಲಿಗೇರಿಸಿಕೊಂಡರು.

ಅಧ್ಯಕ್ಷರು ಕುರ್ಚಿಯಲ್ಲಿ ಹಾಗೇ ಕೂತಿದ್ದರು. ತೊಡೆಯ ಮೇಲೆ ಬೆಲ್ಲ. ಸಿಗ್ನಲ್‌ಗಾಗಿ ಮೊಬೈಲು ಹಿಡಿದ ಕೈ ಇನ್ನೂ ಮೇಲಕ್ಕೆ ಚಾಚಿತ್ತು. ಸುತ್ತ ನಾಲ್ಕೂ ಕಡೆ ಬೆಳಕು. ಮುಖಂಡ ಹೆಗಲ ಮೇಲಿನ ಭಾರ ಇಳಿಸದೆಯೇ ಬಲಗೈ ಚಾಚಿ ಚೀಲವನ್ನು ಒಂದು ಸಲ ಮುಟ್ಟಿ, “ಮುಟ್ದೆ ಸಾ” ಎಂದ. ಹೆಗಲಿಗೇರಿದ ಹೊರೆಯನ್ನು ಲಾರಿ ಸಿಗುವ ತನಕ ಇಳಿಸಿ ಅಭ್ಯಾಸವಿಲ್ಲದ ಜನ, ಕೋಣೆಯನ್ನು ಹೊತ್ತುಕೊಂಡು ಗೇಟಿನ ಕಡೆ ಹೊರಟೇಬಿಟ್ಟರು.

ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ನಾನು ಅವರ ಮುಖ ನೋಡಲಿಲ್ಲ. ಶೆಡ್ಡು ಹೋಯಿತು, ಆರು ಶಾಖೆ ಹೋಯಿತು, ನಾಳೆಯಿಂದ ಅತ್ತೆ ಸೊಸೆಯರ ಅಡುಗೆಮನೆ ಬಾಗಿಲೇ ಗತಿ ಎಂದುಕೊಂಡೆ.

ಆಗ ಅಧ್ಯಕ್ಷರ ಮೊಬೈಲು ಗಟ್ಟಿಯಾಗಿ ಹೊಡೆದುಕೊಂಡಿತು. ಅವರು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವರು.

“ಸಾರ್, ಕಾರ್ಯದರ್ಶಿ ಮಾತಾಡ್ತಿರೋದು. ಎಷ್ಟೊತ್ತಿಂದ ಟ್ರೈ ಮಾಡ್ತಿದೀನಿ, ಸಿಗ್ನಲ್ಲೇ ಇರ್ಲಿಲ್ಲ.”

“ಈಗ ಚೆನ್ನಾಗಿ ಬರ್ತಾ ಇದೆ” ಎಂದರು ಅಧ್ಯಕ್ಷರು, ಗೇಟಿನ ಕಡೆ ನೋಡುತ್ತಾ.

“ಗೋಡೆ ಒಡೀತಾ ಸಾರ್?”

ಅಧ್ಯಕ್ಷರು ಎದ್ದು ಹೋಗಿ ಹಮಾಲರನ್ನು ನಿಲ್ಲಿಸಿದರು. ಕನ್ನಡಕ ಸರಿ ಮಾಡಿಕೊಂಡು, ಹೆಗಲ ಮೇಲಿದ್ದ ಗೋಡೆಯ ಒಳಮೈಯನ್ನು ಮೂಲೆಯಿಂದ ಮೂಲೆಗೆ ನೋಡಿದರು. ಬೆರಳಾಡಿಸಿದರು.

“ಒಡೆದಿಲ್ಲ. ಒಳಗಡೆ ಒಂದು ಗೀರೂ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ನಾವು ಕೇಳಿದ್ದು ಗೋಡೆ ವಿಚಾರ. ಗೋಡೆ ಸರಿಯಾದ ಉತ್ತರ ಕೊಟ್ಟಿದೆ. ಬುಡಕ್ಕೆ ಬೋಲ್ಟ್ ಹಾಕದೇ ಇದ್ದದ್ದು ಮೇಡಂ ತಪ್ಪು, ಅದನ್ನ ಅವರ ಹತ್ರ ನಾನು ಮಾತಾಡ್ತೀನಿ. ಪಾಸು ಅಂತ ಬರ್ಕೊಳ್ಳಿ, ಆರೂ ಶಾಖೆಗೂ ಇದನ್ನೇ ಹಾಕ್ಸೋಣ.”

ಮೇಸ್ತ್ರಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ನಾನಂತೂ ಎರಡೂ ಮಾಡುತ್ತಿದ್ದೆ.

“ಸರಿ ಸಾರ್” ಎಂದರು ಆ ಕಡೆಯಿಂದ ಕಾರ್ಯದರ್ಶಿ. “ಕೊನೆಗೆ ಮೇಲ್ವಿಚಾರಕರ ಷರಾ ಅಂತ ಒಂದು ಕಾಲಂ ಇದೆ. ಅದಕ್ಕೇನು ಬರೀಲಿ?”

ಅಧ್ಯಕ್ಷರು ಬೆಲ್ಲದ ಚೀಲವನ್ನು ಮುಖಂಡನ ಕೈಗೆ ಕೊಟ್ಟು ಹೇಳಿದರು:

“ನನ್ನ ಇಡೀ ಸರ್ವೀಸಿನಲ್ಲಿ ಪರೀಕ್ಷಾ ಕೊಠಡಿ ಬಿಟ್ಟು ಓಡಿಹೋದ ಹುಡುಗರನ್ನ ಬೇಕಾದಷ್ಟು ನೋಡಿದೀನಿ. ಮೇಲ್ವಿಚಾರಕನನ್ನ ಬಿಟ್ಟು ಕೊಠಡಿಯೇ ಎದ್ದು ಹೋಗಿದ್ದು ಇದೇ ಮೊದಲು ಅಂತ ಬರ್ಕೊಳ್ಳಿ!”